ಕಲ್ಲಿನ ಹೆಸರಿನ ಮುಂದಿನ ಅಕ್ಷರ ಮತ್ತು ಅಂಕಿ

ಬೆಳಗಾವಿ ನಗರದ ಸುತ್ತಲಿನ ಕ್ವಾರಿಗಳಲ್ಲಿ ಒಡೆದು ತೆಗೆಯುವ ಕರಿಕಲ್ಲಿನ ಒಂದು ತುಣುಕನ್ನೂ ಆಕಾಶದಿಂದ ಬಿದ್ದ ಉಲ್ಕಾಶಿಲೆಯ ಒಂದು ತುಣುಕನ್ನೂ ಅಕ್ಕಪಕ್ಕದಲ್ಲಿಟ್ಟು ಅವುಗಳಲ್ಲಿರುವ ಮೂಲಧಾತುಗಳ ಪಟ್ಟಿ ಮಾಡಿದರೆ, ಎರಡು ಪಟ್ಟಿಗಳಲ್ಲೂ ಆಮ್ಲಜನಕ, ಸಿಲಿಕಾನ್, ಕಬ್ಬಿಣ, ಮೆಗ್ನೀಸಿಯಂ, ಕ್ಯಾಲ್ಸಿಯಂ, ಅಲ್ಯೂಮಿನಿಯಂಗಳೇ ಮುಂಚೂಣಿಯಲ್ಲಿರುತ್ತವೆ. ಖನಿಜಗಳ ಪಟ್ಟಿ ಮಾಡಿದರೂ ಪೈರಾಕ್ಸೀನ್, ಫೆಲ್ಡ್‌ಸ್ಪಾರ್ ಎಂಬ ಹೆಸರುಗಳು ಎರಡೂ ಕಡೆ ಬರುತ್ತವೆ. ಎರಡೂ ಹೊರಗಿನಿಂದ ಕಪ್ಪು, ಎರಡೂ ಕೈಗೆ ಭಾರ, ಅಯಸ್ಕಾಂತವನ್ನು ಹತ್ತಿರ ತಂದರೆ ಎರಡೂ ಒಂದಿಷ್ಟಾದರೂ ಸ್ಪಂದಿಸುತ್ತವೆ. ಹಾಗಿದ್ದರೂ ಭೂವಿಜ್ಞಾನಿಯೊಬ್ಬರು ಉಲ್ಕಾಶಿಲೆಯಿಂದ ಹೆಬ್ಬೆರಳಿನ ಉಗುರಿನಷ್ಟು ಅಗಲದ ಚೂರೊಂದನ್ನು ಕೊಯ್ದು ನೋಡಿ, ಇದು ಭೂಮಿಯದಲ್ಲವೆಂದು ಸಂಶಯಕ್ಕೆ ಎಡೆಯಿಲ್ಲದಂತೆ ಹೇಳುತ್ತಾರೆ. ಅಷ್ಟಕ್ಕೇ ನಿಲ್ಲದೆ ಅದರ ಹೆಸರಿನ ಮುಂದೆ ‘ಎಚ್5’ ಎಂದೋ ‘ಎಲ್5’ ಎಂದೋ ‘ಎಲ್‌ಎಲ್6’ ಎಂದೋ ಒಂದು ಸಣ್ಣ ಗುರುತನ್ನೂ ಬರೆಯುತ್ತಾರೆ.

ಈ ಮೂರು ಗುರುತುಗಳಿಗೂ ಕನ್ನಡಿಗರಿಗೆ ಗೊತ್ತಿರುವ ಊರುಗಳಲ್ಲೇ ಉದಾಹರಣೆಗಳಿವೆ. 1865ರ ಸೆಪ್ಟೆಂಬರ್ 21ರಂದು ಅಂದಿನ ಮೈಸೂರು ಸೀಮೆಯ ಮದ್ದೂರಿನಲ್ಲಿ ಬಿದ್ದ ಕಲ್ಲು ಎಲ್5 ವರ್ಗಕ್ಕೆ ಸೇರುತ್ತದೆ. ಮರುವರ್ಷ, 1866ರ ಏಪ್ರಿಲ್‌ನಲ್ಲಿ, ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡದ ಉಡುಪಿಯಲ್ಲಿ ಬಿದ್ದದ್ದು ಎಚ್5. ಹೊಸೂರಿನ ಆಚೆ, ಕನ್ನಡ ಮಾತನಾಡುವ ಮನೆಗಳು ಇಂದಿಗೂ ಇರುವ ಕೃಷ್ಣಗಿರಿ ಜಿಲ್ಲೆಯ ಶೂಲಗಿರಿಯಲ್ಲಿ 2008ರ ಸೆಪ್ಟೆಂಬರ್ 12ರಂದು ಬಿದ್ದ, ಒಟ್ಟು ಸುಮಾರು 110 ಕಿಲೊ ತೂಗಿದ ಕಲ್ಲು ಎಲ್‌ಎಲ್6. ಬೆಳಗಾವಿಗೆ ನೆರೆಯಾದ ಹಳೆಯ ಧಾರವಾಡ ಜಿಲ್ಲೆಯಲ್ಲಿಯೂ 1848ರಲ್ಲಿ ಒಂದು ಕಲ್ಲು ಬಿದ್ದು, ಉಲ್ಕಾಶಿಲೆಗಳ ಪಟ್ಟಿಯಲ್ಲಿ ‘ಧಾರವಾಡ’ ಎಂಬ ಹೆಸರಿನಲ್ಲೇ ದಾಖಲಾಗಿದೆ. ಕಲ್ಲು ಎಲ್ಲಿ ಬಿತ್ತೋ ಆ ಊರಿನ ಹೆಸರನ್ನೇ ಅದಕ್ಕೆ ಇಡುವುದು ಜಗತ್ತಿನಾದ್ಯಂತ ನಡೆದುಬಂದ ಪದ್ಧತಿ. ಹೆಸರು ಕಲ್ಲಿನ ಪ್ರಯಾಣದ ಕೊನೆಯ ಗಳಿಗೆಯನ್ನಷ್ಟೇ ತಿಳಿಸಿದರೆ, ಅದರ ಮುಂದಿನ ಅಕ್ಷರ ಮತ್ತು ಅಂಕಿ ಅದು ಹುಟ್ಟಿದ ಕಾಲದ ಸಂಗತಿಗಳನ್ನು ತಿಳಿಸುತ್ತವೆ. ಆ ಎರಡನ್ನೂ ಓದುವ ವಿಧಾನವೇ ಈ ಅಧ್ಯಾಯದ ವಿಷಯ.

ಮೋಸಗೊಳಿಸುವ ಕಲ್ಲುಗಳು

ಉಲ್ಕಾಶಿಲೆಯನ್ನು ಗುರುತಿಸುವುದು ಬೆಳಗಾವಿ, ಖಾನಾಪುರಗಳ ನೆಲದಲ್ಲಿ ಬೇರೆಡೆಗಿಂತ ಹೆಚ್ಚು ಕಷ್ಟ. ನಗರದ ಕೆಳಗೆ ಹಾಸಿರುವ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪಶ್ಚಿಮ ಭಾರತದ ಬಹುಭಾಗವನ್ನು ಮುಚ್ಚಿದ ಲಾವಾ ಪ್ರವಾಹಗಳ ದಕ್ಷಿಣದ ಅಂಚಿಗೆ ಸೇರಿದ್ದು. ಬಸಾಲ್ಟ್ ಎಂದು ಕರೆಯಲಾಗುವ ಈ ಕಲ್ಲಿನಲ್ಲಿ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಆಕ್ಸೈಡಿನ ಸಣ್ಣ ಹರಳುಗಳು ಇರುವುದರಿಂದ ಅದು ಅಯಸ್ಕಾಂತವನ್ನು ಸ್ವಲ್ಪ ಸೆಳೆಯುತ್ತದೆ. ಖಾನಾಪುರದ ಕಡೆಗೆ ಹೋದಂತೆ ಜಂಬಿಟ್ಟಿಗೆ ಕಲ್ಲು ನೆಲವನ್ನು ಆವರಿಸುತ್ತದೆ. ಘಟ್ಟದ ಮಳೆ ಸಾವಿರಾರು ಶತಮಾನಗಳ ಕಾಲ ಬಂಡೆಯೊಳಗಿನ ಕರಗುವ ಅಂಶಗಳನ್ನೆಲ್ಲ ತೊಳೆದು ಕಬ್ಬಿಣ ಮತ್ತು ಅಲ್ಯೂಮಿನಿಯಂಗಳ ಆಕ್ಸೈಡುಗಳನ್ನು ಮಾತ್ರ ಉಳಿಸಿದ್ದರಿಂದ ಆದ ಕಲ್ಲು ಅದು. ಅದರಿಂದ ಕಳಚಿ ಬಿದ್ದ ದುಂಡನೆಯ, ಹೊಳಪುಳ್ಳ, ಕಂದುಗಪ್ಪು ಹರಳುಗಳು ಕೆಂಪು ಮಣ್ಣಿನಲ್ಲಿ ಹೇರಳವಾಗಿ ಸಿಗುತ್ತವೆ, ಅವುಗಳಲ್ಲಿ ಕೆಲವು ಅಯಸ್ಕಾಂತಕ್ಕೆ ಗಟ್ಟಿಯಾಗಿಯೇ ಅಂಟಿಕೊಳ್ಳುತ್ತವೆ.

ಮೂರನೆಯ ಮೋಸ ಮನುಷ್ಯನ ಕೈಯಿಂದ ಬಂದದ್ದು. ಬೆಳಗಾವಿಯ ಉದ್ಯಮಬಾಗ್ ಮತ್ತು ಸುತ್ತಲಿನ ಪ್ರದೇಶ ಎರಕದ ಕಾರ್ಖಾನೆಗಳಿಗೆ ಹೆಸರಾದದ್ದು. ಕಬ್ಬಿಣ ಕರಗಿಸುವಾಗ ಮೇಲೆ ತೇಲುವ ಕಿಟ್ಟ ಆರಿದ ಮೇಲೆ ಕಪ್ಪಗೆ, ಭಾರವಾಗಿ, ಗಾಜಿನಂತೆ ಮಿನುಗುತ್ತ, ಒಳಗೆ ನಿಜವಾದ ಕಬ್ಬಿಣದ ಮಣಿಗಳನ್ನೂ ಹುದುಗಿಸಿಕೊಂಡಿರುತ್ತದೆ. ಆದರೆ ಕಿಟ್ಟವನ್ನು ಒಡೆದರೆ ಅನಿಲ ಹೊರಬಿದ್ದ ಗುಳ್ಳೆಗಳ ತೂತುಗಳು ಕಾಣುತ್ತವೆ, ಶಿಲಾ ಉಲ್ಕೆಯೊಳಗೆ ಅಂಥ ತೂತುಗಳು ತೀರಾ ಅಪರೂಪ. ಇನ್ನೂ ಮುಖ್ಯವಾಗಿ, ಎರಕದ ಕಬ್ಬಿಣದಲ್ಲಿ ಸಾಮಾನ್ಯವಾಗಿ ನಿಕ್ಕಲ್ ಇರುವುದಿಲ್ಲ, ಉಲ್ಕೆಯ ಕಬ್ಬಿಣದಲ್ಲಿ ಅದು ಇದ್ದೇ ಇರುತ್ತದೆ. ಡೈಮೀಥೈಲ್‌ಗ್ಲೈಆಕ್ಸೈಮ್ ಎಂಬ ರಾಸಾಯನಿಕದಲ್ಲಿ ಅದ್ದಿದ ಹತ್ತಿಯನ್ನು ಉಜ್ಜಿದ ಲೋಹದ ಮೇಲೆ ಅಮೋನಿಯದೊಂದಿಗೆ ತಿಕ್ಕಿದಾಗ ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ನಿಕ್ಕಲ್ ಇದೆಯೆಂದು ಅರ್ಥ. ಈ ಸರಳ ಪರೀಕ್ಷೆಯೊಂದೇ ಬಹುಪಾಲು ಸುಳ್ಳು ಉಲ್ಕೆಗಳನ್ನು ಹೊರಗೆ ಹಾಕಲು ಸಾಕು.

ನಿಜವಾದ ಉಲ್ಕಾಶಿಲೆಯ ಕಪ್ಪು ಬಣ್ಣ ಅದರ ಮೈಯೊಳಗಿನದಲ್ಲ. ವಾತಾವರಣವನ್ನು ಸೀಳಿ ಬರುವ ಕೆಲವೇ ಸೆಕೆಂಡುಗಳಲ್ಲಿ ಹೊರಮೈ ಕರಗಿ, ಕರಗಿದ್ದು ಗಾಳಿಗೆ ಹಾರಿಹೋಗುತ್ತ, ಕೊನೆಗೆ ವೇಗ ತಗ್ಗಿದಾಗ ಉಳಿದ ತೆಳು ಪದರ ಗಟ್ಟಿಯಾಗಿ ಕರಿಸಿಪ್ಪೆಯಾಗುತ್ತದೆ. ಅದರ ದಪ್ಪ ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತ ಕಡಿಮೆ. ಬಿಸಿ ಒಳಕ್ಕೆ ಇಳಿಯುವಷ್ಟರಲ್ಲಿ ಪಯಣವೇ ಮುಗಿದಿರುವುದರಿಂದ ಸಿಪ್ಪೆಯ ಕೆಳಗಿನ ಕಲ್ಲು ಬೂದಿಬಣ್ಣದ್ದಾಗಿ, ಬಾಹ್ಯಾಕಾಶದಲ್ಲಿ ಹೇಗಿತ್ತೋ ಹಾಗೆಯೇ ಉಳಿದಿರುತ್ತದೆ.

ತೆಳುಬಿಲ್ಲೆಯೊಳಗಿನ ನೋಟ

ಕಲ್ಲಿನ ಒಳಗನ್ನು ನೋಡಲು ಅದನ್ನು ತೆಳ್ಳಗೆ ಕೊಯ್ದು, ಗಾಜಿನ ಪಟ್ಟಿಗೆ ಅಂಟಿಸಿ, ಸುಮಾರು 0.03 ಮಿಲಿಮೀಟರ್ ದಪ್ಪ ಉಳಿಯುವವರೆಗೆ ಉಜ್ಜುತ್ತಾರೆ. ಅಷ್ಟು ತೆಳುವಾದಾಗ ಬಹುತೇಕ ಖನಿಜಗಳ ಮೂಲಕ ಬೆಳಕು ಹಾಯುತ್ತದೆ. ಈ ತೆಳುಬಿಲ್ಲೆಯನ್ನು ಬೆಳಕಿನ ಕಂಪನವನ್ನು ಒಂದೇ ದಿಕ್ಕಿಗೆ ಕಟ್ಟುವ ಎರಡು ಸೋಸುಗಗಳ ನಡುವೆ ಸೂಕ್ಷ್ಮದರ್ಶಕದಲ್ಲಿಟ್ಟರೆ, ಬರಿಗಣ್ಣಿಗೆ ಬೂದಿಯಾಗಿದ್ದ ಕಲ್ಲು ಬಣ್ಣಗಳಿಂದ ತುಂಬಿಹೋಗುತ್ತದೆ. ಗಾಢ ನೀಲಿ, ಗುಲಾಬಿ, ಹಳದಿ, ಹಸಿರುಗಳಲ್ಲಿ ಹೊಳೆಯುವ ಹರಳುಗಳು ಒಲಿವಿನ್ ಎಂಬ ಖನಿಜದವು. ಮೆಗ್ನೀಸಿಯಂ, ಕಬ್ಬಿಣ, ಸಿಲಿಕಾನ್ ಮತ್ತು ಆಮ್ಲಜನಕ ಸೇರಿ ಆದ ಇದು ಸಾಮಾನ್ಯ ಶಿಲಾ ಉಲ್ಕೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಪ್ರಮಾಣದಲ್ಲಿರುತ್ತದೆ. ಬೂದಿ ಮತ್ತು ಮಾಸಲು ಹಳದಿಯಲ್ಲಿ ಕಾಣುವವು ಪೈರಾಕ್ಸೀನ್ ಹರಳುಗಳು. ಧಾತುಗಳು ಅವೇ, ಸಿಲಿಕಾನಿನ ಪಾಲು ಮಾತ್ರ ಹೆಚ್ಚು. ಇವೆರಡರ ಸಂದುಗಳಲ್ಲಿ ಸೋಡಿಯಂ ಹೆಚ್ಚಿರುವ ಫೆಲ್ಡ್‌ಸ್ಪಾರ್ ಅಲ್ಪಸ್ವಲ್ಪ ಸಿಗುತ್ತದೆ.

ಇಲ್ಲಿಯೇ ಬೆಳಗಾವಿಯ ಕರಿಕಲ್ಲಿನಿಂದ ಮೊದಲ ದೊಡ್ಡ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಕರಿಕಲ್ಲಿನ ತೆಳುಬಿಲ್ಲೆಯಲ್ಲಿ ಕ್ಯಾಲ್ಸಿಯಂ ಹೆಚ್ಚಿರುವ ಫೆಲ್ಡ್‌ಸ್ಪಾರಿನ ಉದ್ದುದ್ದ ಕಡ್ಡಿಗಳೂ ಅವುಗಳ ನಡುವೆ ಕ್ಯಾಲ್ಸಿಯಂ ಇರುವ ಪೈರಾಕ್ಸೀನೂ ಹೆಣೆದುಕೊಂಡಿರುತ್ತವೆ, ಒಲಿವಿನ್ ಅಲ್ಲಿ ಅಪರೂಪದ ಅತಿಥಿ. ಉಲ್ಕಾಶಿಲೆಯಲ್ಲಿ ಈ ಪ್ರಮಾಣ ತಲೆಕೆಳಗಾಗಿರುತ್ತದೆ.

ಬೆಳಕು ಹಾಯದೆ ಕಪ್ಪಾಗಿಯೇ ಉಳಿದ ಚುಕ್ಕೆಗಳಿಗೆ ಮೇಲಿನಿಂದ ಬೆಳಕು ಬಿಟ್ಟರೆ ಅವೂ ತಮ್ಮ ಗುರುತು ಹೇಳುತ್ತವೆ. ಬೆಳ್ಳಗೆ ಥಳಥಳಿಸುವವು ಲೋಹ, ಅಂದರೆ ನಿಕ್ಕಲ್ ಬೆರೆತ ಕಬ್ಬಿಣ. ಅದರಲ್ಲೂ ಎರಡು ಬಗೆ: ನಿಕ್ಕಲ್ ನೂರಕ್ಕೆ ಏಳರ ಆಸುಪಾಸಿನಲ್ಲಿ ಅಥವಾ ಅದಕ್ಕೂ ಕಡಿಮೆ ಇರುವ ಕಮಸೈಟ್, ನಿಕ್ಕಲ್ ಬಹಳ ಹೆಚ್ಚಿರುವ ಟೀನೈಟ್. ತುಸು ಹಳದಿ ಛಾಯೆಯಲ್ಲಿ ಮಂಕಾಗಿ ಹೊಳೆಯುವುದು ಟ್ರೊಯಿಲೈಟ್ ಎಂಬ ಕಬ್ಬಿಣದ ಸಲ್ಫೈಡ್. ಇವಲ್ಲದೆ ಕ್ರೋಮೈಟ್ ಮತ್ತು ರಂಜಕವಿರುವ ಖನಿಜಗಳ ಕಣಗಳು ಅಲ್ಲಲ್ಲಿ ಚದುರಿರುತ್ತವೆ.

ಕಬ್ಬಿಣ ಲೋಹರೂಪದಲ್ಲಿ ಹೀಗೆ ಶಿಲಾಖನಿಜಗಳ ನಡುವೆ ಕುಳಿತಿರುವುದು ಭೂಮಿಯ ಬಂಡೆಗಳಲ್ಲಿ ಹೆಚ್ಚುಕಡಿಮೆ ಅಸಾಧ್ಯವಾದ ನೋಟ. ಭೂಮಿ ತನ್ನ ಬಾಲ್ಯದಲ್ಲೇ ಕರಗಿದಾಗ ಭಾರವಾದ ಲೋಹ ಕೆಳಗಿಳಿದು, ಇಂದು ನೆಲದಿಂದ ಸುಮಾರು 2900 ಕಿಲೊಮೀಟರ್ ಆಳದಿಂದಾಚೆ ಇರುವ ತಿರುಳಾಗಿ ನೆಲೆಸಿತು. ಮೇಲೆ ಉಳಿದ ಕಬ್ಬಿಣವೆಲ್ಲ ಆಮ್ಲಜನಕದ ಜೊತೆ ಸೇರಿಕೊಂಡದ್ದೇ. ಬೆಳಗಾವಿಯ ಕರಿಕಲ್ಲು ಹೀಗೆ ಬೇರ್ಪಟ್ಟ ಗ್ರಹವೊಂದರ ಮೇಲ್ಭಾಗ ಮತ್ತೊಮ್ಮೆ ಭಾಗಶಃ ಕರಗಿ ಬಂದದ್ದು. ಉಡುಪಿ, ಮದ್ದೂರು, ಶೂಲಗಿರಿಗಳ ಕಲ್ಲುಗಳು ಬಂದದ್ದು ಎಂದೂ ಪೂರ್ತಿ ಕರಗದ, ಲೋಹ ಮತ್ತು ಶಿಲೆ ಬೇರ್ಪಡದೆ ಉಳಿದ ಕಾಯಗಳಿಂದ. ಸುಲಭವಾಗಿ ಅನಿಲವಾಗುವ ಧಾತುಗಳನ್ನು ಬಿಟ್ಟರೆ ಅವುಗಳಲ್ಲಿ ಧಾತುಗಳ ಪ್ರಮಾಣ ಸೂರ್ಯನಲ್ಲಿರುವ ಪ್ರಮಾಣಕ್ಕೆ ಬಹಳ ಹತ್ತಿರವಾಗಿದೆ. ಸೌರಮಂಡಲ ಯಾವ ಸರಕಿನಿಂದ ಕಟ್ಟಲ್ಪಟ್ಟಿತೋ ಆ ಸರಕೇ ಅಂಗೈಯಲ್ಲಿದೆ ಎನ್ನಲು ಇದಕ್ಕಿಂತ ಬಲವಾದ ಸಾಕ್ಷ್ಯ ಬೇಡ.

ಹರಳುಗುಂಡುಗಳು

ತೆಳುಬಿಲ್ಲೆಯಲ್ಲಿ ಕಾಣುವ ಅತ್ಯಂತ ವಿಚಿತ್ರವಾದ ಸಂಗತಿ ಖನಿಜಗಳಲ್ಲ, ಅವು ಕೂಡಿಕೊಂಡಿರುವ ಆಕಾರ. ಒಂದು ಮಿಲಿಮೀಟರಿನ ಆಸುಪಾಸಿನ, ಹೆಚ್ಚಿನವು ಅದಕ್ಕೂ ಚಿಕ್ಕದಾದ ದುಂಡನೆಯ ಗುಂಡುಗಳು ಬಿಲ್ಲೆಯ ತುಂಬ ಒತ್ತೊತ್ತಾಗಿ ಕುಳಿತಿರುತ್ತವೆ. ಒಂದರಲ್ಲಿ ಒಲಿವಿನ್ ಹರಳುಗಳು ಸಮಾನಾಂತರ ಪಟ್ಟಿಗಳಾಗಿ ಅಂಚಿನಿಂದ ಅಂಚಿಗೆ ಹಾದಿದ್ದರೆ, ಪಕ್ಕದ್ದರಲ್ಲಿ ಪೈರಾಕ್ಸೀನಿನ ಸಣ್ಣ ಕಡ್ಡಿಗಳು ಅಂಚಿನ ಒಂದೇ ಬಿಂದುವಿನಿಂದ ಹೊರಟು ಗುಂಡಿನ ತುಂಬ ಹರಡಿರುತ್ತವೆ, ಮತ್ತೊಂದರಲ್ಲಿ ದಪ್ಪ ಹರಳುಗಳ ನಡುವೆ ಗಾಜು ತುಂಬಿಕೊಂಡಿರುತ್ತದೆ. ಕಾಂಡ್ರೂಲ್ ಎಂದು ವಿಜ್ಞಾನಿಗಳು ಕರೆಯುವ ಈ ಗುಂಡುಗಳನ್ನು ಹರಳುಗುಂಡು ಎನ್ನಬಹುದು. ಇವುಗಳಿಂದ ತುಂಬಿದ ಕಲ್ಲುಗಳಿಗೆ ಕಾಂಡ್ರೈಟ್ ಎಂಬ ವರ್ಗನಾಮ ಕೊಟ್ಟವನು ಬರ್ಲಿನ್ನಿನ ಖನಿಜಶಾಸ್ತ್ರಜ್ಞ ಗುಸ್ಟಾವ್ ರೋಸ್. ಅದು 1864ರಲ್ಲಿ, ಅಂದರೆ ಮದ್ದೂರಿನ ಕಲ್ಲು ಬೀಳುವುದಕ್ಕೆ ಒಂದು ವರ್ಷ ಮೊದಲು. ಭೂಮಿಯ ಮೇಲೆ ಬೀಳುವುದು ಕಂಡು ಹೆಕ್ಕಿದ ಉಲ್ಕಾಶಿಲೆಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಈ ವರ್ಗದವೇ, ಅದರಲ್ಲೂ ‘ಸಾಮಾನ್ಯ ಕಾಂಡ್ರೈಟ್’ ಎಂಬ ಗುಂಪಿನವು.

ತೆಳುಬಿಲ್ಲೆಗಳ ಅಧ್ಯಯನಕ್ಕೆ ದಾರಿ ಹಾಕಿದ ಇಂಗ್ಲೆಂಡಿನ ಹೆನ್ರಿ ಸಾರ್ಬಿ 1870ರ ದಶಕದಲ್ಲೇ ಈ ಗುಂಡುಗಳು ಒಂದು ಕಾಲದಲ್ಲಿ ತೇಲಾಡುತ್ತಿದ್ದ ಕರಗಿದ ಹನಿಗಳೆಂದು ಕಂಡುಕೊಂಡಿದ್ದ. ಇಂದಿನ ಪ್ರಯೋಗಗಳು ಅದನ್ನು ಇನ್ನಷ್ಟು ನಿಖರವಾಗಿಸಿವೆ. ಸೂರ್ಯನ ಸುತ್ತ ಸುತ್ತುತ್ತಿದ್ದ ಅನಿಲ ಮತ್ತು ಧೂಳಿನ ತಟ್ಟೆಯಲ್ಲಿ ಧೂಳಿನ ಮುದ್ದೆಗಳು ಸಾವಿರದ ಐನೂರು ಡಿಗ್ರಿಗೂ ಮೇಲಿನ ಬಿಸಿಗೆ ಥಟ್ಟನೆ ಒಡ್ಡಿಕೊಂಡು ಕರಗಿ, ಗಂಟೆಗಳಿಂದ ದಿನಗಳ ಅವಧಿಯಲ್ಲಿ ಆರಿದವು. ಸೌರಮಂಡಲದ ಅತಿ ಹಳೆಯ ಘನವಸ್ತುಗಳ ವಯಸ್ಸು 456 ಕೋಟಿ ವರ್ಷಗಳಿಗಿಂತ ತುಸು ಹೆಚ್ಚು; ಹರಳುಗುಂಡುಗಳು ಅದರ ನಂತರದ ಕೆಲವೇ ದಶಲಕ್ಷ ವರ್ಷಗಳಲ್ಲಿ ಆದವು. ಆ ಬಿಸಿ ಎಲ್ಲಿಂದ ಬಂತು ಎಂಬ ಬಗ್ಗೆ ಅನಿಲದೊಳಗಿನ ಆಘಾತ ತರಂಗಗಳು, ಎಳೆಯ ಗ್ರಹಕಾಯಗಳ ಡಿಕ್ಕಿ ಮುಂತಾದ ವಾದಗಳು ಇವೆ, ಚರ್ಚೆ ಮುಗಿದಿಲ್ಲ. ಭೂಮಿಯ ಯಾವ ಬಂಡೆಯಲ್ಲೂ ಇಂಥ ಗುಂಡುಗಳಿಲ್ಲ, ಏಕೆಂದರೆ ಭೂಮಿಯನ್ನು ಕಟ್ಟಿದ ಗುಂಡುಗಳೆಲ್ಲ ಭೂಮಿ ಕರಗಿದಾಗ ಅಳಿಸಿಹೋದವು.

ಅಕ್ಷರ: ಕಬ್ಬಿಣಕ್ಕೆ ಸಿಕ್ಕ ಆಮ್ಲಜನಕ

ಎಚ್, ಎಲ್, ಎಲ್‌ಎಲ್ ಎಂಬ ಅಕ್ಷರಗಳು ಒಂದೇ ಪ್ರಶ್ನೆಗೆ ಉತ್ತರ: ಕಲ್ಲಿನಲ್ಲಿ ಎಷ್ಟು ಕಬ್ಬಿಣವಿದೆ, ಅದರಲ್ಲಿ ಎಷ್ಟು ಲೋಹವಾಗಿ ಉಳಿದಿದೆ, ಎಷ್ಟು ಆಮ್ಲಜನಕದೊಂದಿಗೆ ಸೇರಿ ಶಿಲಾಖನಿಜಗಳ ಒಳಹೊಕ್ಕಿದೆ?

ಇದನ್ನು ತಿಳಿಯಲು ಖಾನಾಪುರದ ಕುಂಬಾರಿಕೆ ನೆರವಿಗೆ ಬರುತ್ತದೆ. ಜೇಡಿಮಣ್ಣಿಗೂ ಹೆಂಚು ಇಟ್ಟಿಗೆಗಳಿಗೂ ಹೆಸರಾದ ಈ ತಾಲ್ಲೂಕಿನ ಮುಖ್ಯ ಊರಿನಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಇದೆ. ಆವಿಗೆಯಲ್ಲಿ ಗಡಿಗೆ ಸುಡುವಾಗ ಕುಂಬಾರನ ಹಿಡಿತದಲ್ಲಿ ಎರಡು ಸಂಗತಿಗಳು ಇರುತ್ತವೆ: ಒಳಗೆ ಎಷ್ಟು ಗಾಳಿ ಬಿಡುವುದು, ಬೆಂಕಿಯನ್ನು ಎಷ್ಟು ಏರಿಸುವುದು. ಗಾಳಿ ಧಾರಾಳವಾಗಿ ಆಡಿದರೆ ಮಣ್ಣಿನೊಳಗಿನ ಕಬ್ಬಿಣ ಆಮ್ಲಜನಕವನ್ನು ಹೊಟ್ಟೆ ತುಂಬ ಹೀರಿ ಗಡಿಗೆ ಕೆಂಪಾಗುತ್ತದೆ. ಆವಿಗೆಯ ಬಾಯಿಗಳನ್ನೆಲ್ಲ ಮೆತ್ತಿ ಹೊಗೆ ಕಟ್ಟಿದರೆ ಆಮ್ಲಜನಕ ಸಾಲದೆ, ಅದೇ ಮಣ್ಣಿನ ಅದೇ ಗಡಿಗೆ ಕಪ್ಪಾಗಿ ಹೊರಬರುತ್ತದೆ. ಬೆಂಕಿ ಕಡಿಮೆಯಾದರೆ ಗಡಿಗೆ ಮೆದುವಾಗಿ ಮಣ್ಣಿನ ಕಣಗಳು ಬಿಡಿಬಿಡಿಯಾಗಿ ಉಳಿಯುತ್ತವೆ, ಹೆಚ್ಚಿದಂತೆ ಕಣಗಳು ಒಂದಕ್ಕೊಂದು ಬೆಸೆದು ಗಡಿಗೆ ಕಣಕಣ ನುಡಿಯುತ್ತದೆ. ಗಾಳಿಯ ಲೆಕ್ಕ ಬೇರೆ, ಬೆಂಕಿಯ ಲೆಕ್ಕ ಬೇರೆ. ಉಲ್ಕಾಶಿಲೆಯ ಹೆಸರಿನ ಮುಂದಿನ ಅಕ್ಷರ ಮುಖ್ಯವಾಗಿ ಮೊದಲನೆಯ ಲೆಕ್ಕವನ್ನೂ ಅಂಕಿ ಎರಡನೆಯದನ್ನೂ ಹೇಳುತ್ತವೆ.

ಗಡಿಗೆಯ ಕಬ್ಬಿಣ ಕಡಿಮೆ ಆಮ್ಲಜನಕ ಹೀರಿದ ಸ್ಥಿತಿ ಮತ್ತು ಹೆಚ್ಚು ಹೀರಿದ ಸ್ಥಿತಿಗಳ ನಡುವೆ ಆಡುತ್ತದೆ, ಉಲ್ಕೆಯಲ್ಲಾದರೋ ಆಟ ಅದಕ್ಕೂ ಒಂದು ಮೆಟ್ಟಿಲು ಕೆಳಗೆ, ಶುದ್ಧ ಲೋಹಕ್ಕೂ ಕಡಿಮೆ ಆಮ್ಲಜನಕ ಹೀರಿದ ಸ್ಥಿತಿಗೂ ನಡುವೆ ನಡೆಯುತ್ತದೆ. ಆಮ್ಲಜನಕ ಸಿಕ್ಕ ಕಬ್ಬಿಣ ಲೋಹದ ಕಣದಲ್ಲಿ ಉಳಿಯದೆ ಒಲಿವಿನ್ ಮತ್ತು ಪೈರಾಕ್ಸೀನ್ ಹರಳುಗಳನ್ನು ಸೇರುತ್ತದೆ. ಒಲಿವಿನ್ ಹರಳಿನ ರಚನೆಯಲ್ಲಿ ಕೆಲವು ಸ್ಥಾನಗಳನ್ನು ಮೆಗ್ನೀಸಿಯಂ ಆಗಲಿ ಕಬ್ಬಿಣವಾಗಲಿ ತುಂಬಬಹುದು. ಅಂಥ ನೂರು ಸ್ಥಾನಗಳಲ್ಲಿ ಕಬ್ಬಿಣ ಎಷ್ಟನ್ನು ಹಿಡಿದಿದೆ ಎಂಬುದನ್ನು ಎಲೆಕ್ಟ್ರಾನ್ ಕಿರಣವನ್ನು ಹರಳಿನ ಒಂದು ಬಿಂದುವಿನ ಮೇಲೆ ಬಿಟ್ಟು, ಅಲ್ಲಿಂದ ಹೊಮ್ಮುವ ಕ್ಷಕಿರಣಗಳನ್ನು ಅಳೆದು ಲೆಕ್ಕ ಹಾಕುತ್ತಾರೆ. ಎಚ್ ವರ್ಗದ ಕಲ್ಲುಗಳಲ್ಲಿ ಈ ಸಂಖ್ಯೆ 16ರಿಂದ 20, ಎಲ್ ವರ್ಗದಲ್ಲಿ ಸುಮಾರು 23ರಿಂದ 26, ಎಲ್‌ಎಲ್ ವರ್ಗದಲ್ಲಿ 27ರಿಂದ 32. ಲೋಹದ ಪ್ರಮಾಣ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಸಾಗುತ್ತದೆ: ನೂರು ಗ್ರಾಂ ಎಚ್ ಕಲ್ಲಿನಲ್ಲಿ 15ರಿಂದ 19 ಗ್ರಾಂ ಕಬ್ಬಿಣ ಲೋಹವಾಗಿದ್ದರೆ, ಎಲ್ ಕಲ್ಲಿನಲ್ಲಿ 4ರಿಂದ 10 ಗ್ರಾಂ, ಎಲ್‌ಎಲ್ ಕಲ್ಲಿನಲ್ಲಿ ಹೆಚ್ಚೆಂದರೆ 3 ಗ್ರಾಂ. ಉಡುಪಿಯ ಕಲ್ಲನ್ನು ಕೊಯ್ದು ನುಣುಪುಗೊಳಿಸಿದರೆ ಲೋಹದ ಹೊಳಪು ಎದ್ದು ಕಾಣಬೇಕು, ಶೂಲಗಿರಿಯ ಕಲ್ಲಿನಲ್ಲಿ ಅದನ್ನು ಹುಡುಕಿ ನೋಡಬೇಕು.

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದ್ದ ಜಾರ್ಜ್ ಪ್ರಯರ್ 1916ರಲ್ಲಿ ಇದರ ಹಿಂದಿನ ನಿಯಮವನ್ನು ಹಿಡಿದ. ಕಲ್ಲಿನಲ್ಲಿ ಲೋಹ ಕಡಿಮೆಯಾದಷ್ಟೂ ಆ ಲೋಹದಲ್ಲಿ ನಿಕ್ಕಲಿನ ಪಾಲು ಹೆಚ್ಚು, ಶಿಲಾಖನಿಜಗಳಲ್ಲಿ ಕಬ್ಬಿಣವೂ ಹೆಚ್ಚು. ಕಾರಣ ಸರಳ: ಆಮ್ಲಜನಕಕ್ಕೆ ನಿಕ್ಕಲಿಗಿಂತ ಕಬ್ಬಿಣದ ಸೆಳೆತ ಹೆಚ್ಚು. ಆಮ್ಲಜನಕ ಬಂದಂತೆಲ್ಲ ಕಬ್ಬಿಣ ಲೋಹದಿಂದ ಎದ್ದು ಹೋಗುತ್ತದೆ, ನಿಕ್ಕಲ್ ಕುಳಿತಲ್ಲೇ ಉಳಿಯುತ್ತದೆ, ಹೀಗಾಗಿ ಉಳಿದ ಲೋಹ ನಿಕ್ಕಲಿನಿಂದ ದಟ್ಟವಾಗುತ್ತದೆ. ಪ್ರತಿಯೊಂದು ಕಲ್ಲಿನಲ್ಲೂ ಬೇರೆಬೇರೆಯಾಗಿ ಅಳೆದ ಮೂರು ಅಳತೆಗಳು ಒಂದೇ ಕಾರಣಕ್ಕೆ ಒಟ್ಟಿಗೆ ಬದಲಾಗುವುದನ್ನು ತೋರಿಸಿದ ಈ ಶೋಧ, ಉಪಕರಣಗಳು ಅಷ್ಟೇನೂ ಬೆಳೆದಿರದ ಕಾಲದಲ್ಲಿ ಬರಿಯ ತಾಳ್ಮೆಯ ರಾಸಾಯನಿಕ ವಿಶ್ಲೇಷಣೆಯಿಂದ ಬಂದದ್ದು ಎಂಬುದನ್ನು ನೆನೆದರೆ ಗೌರವ ಮೂಡುತ್ತದೆ.

ಆದರೆ ಆಮ್ಲಜನಕದ ಕಥೆಯೊಂದರಿಂದಲೇ ಎಲ್ಲವೂ ಬಗೆಹರಿಯುವುದಿಲ್ಲ. ಒಂದೇ ಸರಕಿಗೆ ಬೇರೆಬೇರೆ ಪ್ರಮಾಣದ ಆಮ್ಲಜನಕ ಸೇರಿದ್ದರೆ, ಲೋಹವಾಗಿರುವುದು ಮತ್ತು ಖನಿಜಗಳಲ್ಲಿರುವುದು ಎರಡನ್ನೂ ಕೂಡಿದ ಒಟ್ಟು ಕಬ್ಬಿಣ ಎಲ್ಲ ವರ್ಗಗಳಲ್ಲೂ ಒಂದೇ ಆಗಿರಬೇಕಿತ್ತು. ಹಳೆಯ ವಿಶ್ಲೇಷಣೆಗಳ ರಾಶಿಯಿಂದ ನಂಬಲರ್ಹವಾದವನ್ನು ಮಾತ್ರ ಆರಿಸಿಕೊಂಡು ಹೆರಾಲ್ಡ್ ಯೂರಿ ಮತ್ತು ಹಾರ್ಮನ್ ಕ್ರೇಗ್ 1953ರಲ್ಲಿ ಹಾಗಿಲ್ಲವೆಂದು ತೋರಿಸಿದರು. ಕಾಂಡ್ರೈಟುಗಳಲ್ಲಿ ಒಟ್ಟು ಕಬ್ಬಿಣವೇ ಹೆಚ್ಚಿರುವ ಗುಂಪೊಂದು, ಕಡಿಮೆ ಇರುವ ಗುಂಪೊಂದು ಪ್ರತ್ಯೇಕವಾಗಿ ನಿಂತಿವೆ. ಎಚ್ ಎಂಬುದು ಹೆಚ್ಚು ಕಬ್ಬಿಣದ, ಎಲ್ ಎಂಬುದು ಕಡಿಮೆ ಕಬ್ಬಿಣದ ಗುರುತು. ಒಟ್ಟು ಕಬ್ಬಿಣವೂ ಕಡಿಮೆ, ಲೋಹವೂ ಕಡಿಮೆ ಇರುವ ಕಲ್ಲುಗಳಿಗೆ ಮುಂದೆ ಎಲ್‌ಎಲ್ ಎಂಬ ಜೋಡಿ ಅಕ್ಷರ ಬಂತು. ಸರಕಿನಲ್ಲೇ ಭೇದವಿರುವುದರಿಂದ ಉಡುಪಿ, ಮದ್ದೂರು, ಶೂಲಗಿರಿಗಳ ಕಲ್ಲುಗಳು ಒಂದೇ ತಾಯಿಕಾಯದ ಮೂರು ಚೂರುಗಳಾಗಿರಲು ಸಾಧ್ಯವಿಲ್ಲ. ಆಮ್ಲಜನಕದ ಮೂರು ಸಮಸ್ಥಾನಿಗಳ, ಅಂದರೆ ತೂಕದಲ್ಲಿ ಮಾತ್ರ ಬೇರೆಯಾದ ಮೂರು ಬಗೆಯ ಆಮ್ಲಜನಕ ಪರಮಾಣುಗಳ ಅನುಪಾತವೂ ಮೂರು ವರ್ಗಗಳಲ್ಲಿ ಬೇರೆಬೇರೆಯಾಗಿರುವುದು ಇದನ್ನು ಖಚಿತಪಡಿಸಿದೆ.

ಅಂಕಿ: ಒಳಗಿನಿಂದ ಬಂದ ಬೆಂಕಿ

ಎಚ್5 ಎಂಬಲ್ಲಿನ 5, ಎಲ್‌ಎಲ್6 ಎಂಬಲ್ಲಿನ 6 ಕಲ್ಲು ಎಷ್ಟು ಬೆಂದಿದೆ ಎಂಬುದರ ಅಳತೆ. 1967ರಲ್ಲಿ ರ್‍ಯಾಂಡಾಲ್ ವಾನ್ ಶ್ಮಸ್ ಮತ್ತು ಜಾನ್ ವುಡ್ ರೂಪಿಸಿದ ಈ ಮಾನದಲ್ಲಿ ಸಾಮಾನ್ಯ ಕಾಂಡ್ರೈಟುಗಳು 3ರಿಂದ 6ರವರೆಗೆ ಹರಡಿವೆ. ಹೆಚ್ಚು ಬೇಯದ 3ರ ಕಲ್ಲಿನಲ್ಲಿ ಪ್ರತಿ ಹರಳುಗುಂಡೂ ಗೆರೆ ಕೊರೆದಂತೆ ಸ್ಪಷ್ಟ, ಅದರೊಳಗಿನ ಗಾಜು ಇನ್ನೂ ಗಾಜೇ. ಒಂದು ಒಲಿವಿನ್ ಹರಳಿನಲ್ಲಿ ಕಬ್ಬಿಣ ನೂರಕ್ಕೆ ಐದಿದ್ದರೆ ಪಕ್ಕದ್ದರಲ್ಲಿ ಮೂವತ್ತಿರಬಹುದು, ಏಕೆಂದರೆ ಪ್ರತಿ ಗುಂಡೂ ತನ್ನದೇ ಆದ ಕಡೆ ಹುಟ್ಟಿ ಬಂದದ್ದು. ಬಿಸಿ ಏರಿದಂತೆ ಹರಳುಗಳ ನಡುವೆ ಕಬ್ಬಿಣ ಮತ್ತು ಮೆಗ್ನೀಸಿಯಂ ನಿಧಾನವಾಗಿ ಜಾಗ ಬದಲಿಸಿಕೊಳ್ಳುತ್ತವೆ. 5ರ ಹೊತ್ತಿಗೆ ಎಲ್ಲ ಒಲಿವಿನ್ ಹರಳುಗಳಲ್ಲೂ ಕಬ್ಬಿಣದ ಪ್ರಮಾಣ ಒಂದೇ ಆಗಿ, ಗಾಜು ಅತಿ ಸಣ್ಣ ಫೆಲ್ಡ್‌ಸ್ಪಾರ್ ಹರಳುಗಳಾಗಿ ಮಾರ್ಪಟ್ಟಿರುತ್ತದೆ, ಗುಂಡುಗಳ ಅಂಚು ಮಸುಕಾದರೂ ಓದಲು ಸಿಗುತ್ತದೆ. 6ರಲ್ಲಿ ಗುಂಡುಗಳ ಅಂಚು ಸುತ್ತಲಿನ ಕಣಗಳೊಂದಿಗೆ ಬೆಸೆದು ಬಹುಮಟ್ಟಿಗೆ ಮಾಯವಾಗಿ, ಫೆಲ್ಡ್‌ಸ್ಪಾರ್ ಹರಳುಗಳು 0.05 ಮಿಲಿಮೀಟರಿಗಿಂತ ದೊಡ್ಡದಾಗಿ ಬೆಳೆದಿರುತ್ತವೆ. ಅಕ್ಷರವನ್ನು ಸಂಖ್ಯೆಗಳಿಂದ ನಿರ್ಧರಿಸಬಹುದು. ಅಂಕಿಗೆ ತೆಳುಬಿಲ್ಲೆಯ ಮುಂದೆ ಕುಳಿತು ಪಳಗಿದ ಕಣ್ಣು ಬೇಕು.

5ರ ಮಟ್ಟಕ್ಕೆ ಬೇಯಲು ಸುಮಾರು 700ರಿಂದ 750 ಡಿಗ್ರಿ ಸೆಲ್ಸಿಯಸ್, 6ಕ್ಕೆ ಅದಕ್ಕಿಂತ ಮೇಲೆ, ಹೆಚ್ಚೆಂದರೆ 950ರವರೆಗೆ ಬಿಸಿ ಬೇಕೆಂದು ಅಂದಾಜು. ಹಳ್ಳಿಯ ಆವಿಗೆಯಲ್ಲಿ ಗಡಿಗೆಗಳು ಬೇಯುವುದೂ ಹೆಚ್ಚುಕಡಿಮೆ ಇದೇ ಶಾಖದಲ್ಲಿ. ಎರಡೂ ಕಡೆ ನಡೆಯುವುದು ಕರಗುವಿಕೆಯಲ್ಲ, ಘನಸ್ಥಿತಿಯಲ್ಲೇ ಕಣಗಳು ಬೆಸೆಯುವುದು. ಭೇದವಿರುವುದು ಕಾಲದಲ್ಲಿ ಮತ್ತು ಬೆಂಕಿಯ ದಿಕ್ಕಿನಲ್ಲಿ: ಆವಿಗೆಯ ಬೆಂಕಿ ಹೊರಗಿನಿಂದ ಬಂದು ದಿನದೊಳಗೆ ಆರುತ್ತದೆ, ಉಲ್ಕೆಯ ತಾಯಿಕಾಯ ಒಳಗಿನಿಂದ ಬಿಸಿಯಾಗಿ ದಶಲಕ್ಷಗಟ್ಟಲೆ ವರ್ಷ ಬೆಂದಿತು.

ಆ ಒಳಬೆಂಕಿಯ ಮೂಲ ಅಲ್ಯೂಮಿನಿಯಂ-26 ಎಂಬ ವಿಕಿರಣಶೀಲ ಸಮಸ್ಥಾನಿ. ಇಂದಿನ ಅಡುಗೆಮನೆಯ ಪಾತ್ರೆಗಳಲ್ಲಿರುವ ಅಲ್ಯೂಮಿನಿಯಂ ಪರಮಾಣುವಿನ ತೂಕ 27. ಅದಕ್ಕಿಂತ ಒಂದು ಕಡಿಮೆ ತೂಕದ ಈ ಬಗೆ ಅಸ್ಥಿರವಾದದ್ದು, ಸುಮಾರು 7 ಲಕ್ಷ ವರ್ಷಗಳಲ್ಲಿ ಅರ್ಧದಷ್ಟು ಸಿಡಿದು ಮೆಗ್ನೀಸಿಯಂ ಆಗುತ್ತ ಶಾಖವನ್ನು ಹೊರಬಿಡುತ್ತದೆ. ಸೌರಮಂಡಲ ಹುಟ್ಟಿದ ಹೊಸದರಲ್ಲಿ ಅದು ಧೂಳಿನಲ್ಲೆಲ್ಲ ಬೆರೆತಿತ್ತು. ಬೇಗ ಕಟ್ಟಿಕೊಂಡ ಕಾಯಗಳಲ್ಲಿ ಅದರ ಪ್ರಮಾಣ ಹೆಚ್ಚಿದ್ದು ಅವು ಪೂರ್ತಿ ಕರಗಿಹೋದವು, ಒಂದೆರಡು ದಶಲಕ್ಷ ವರ್ಷ ತಡವಾಗಿ ಕಟ್ಟಿಕೊಂಡ ಕಾಂಡ್ರೈಟುಗಳ ತಾಯಿಕಾಯಗಳಲ್ಲಿ ಬೇಯುವಷ್ಟು ಮಾತ್ರ ಉಳಿದಿತ್ತು. ಶಾಖ ಮೇಲ್ಮೈಯಿಂದ ಬಾಹ್ಯಾಕಾಶಕ್ಕೆ ಸೋರಿಹೋಗುವುದರಿಂದ ಆಳದಲ್ಲಿದ್ದ ಸರಕು ಹೆಚ್ಚು, ಮೇಲಿದ್ದದ್ದು ಕಡಿಮೆ ಬೆಂದಿತು. ಆದ್ದರಿಂದ ಶೂಲಗಿರಿಯ 6 ಎಂಬ ಅಂಕಿ ಆ ಕಲ್ಲು ತನ್ನ ತಾಯಿಕಾಯದ ಆಳದಲ್ಲಿತ್ತೆಂದೂ ಉಡುಪಿ ಮತ್ತು ಮದ್ದೂರಿನ 5 ಅವು ತಮ್ಮ ತಮ್ಮ ತಾಯಿಕಾಯಗಳಲ್ಲಿ ಅಷ್ಟು ಆಳದಲ್ಲಿರಲಿಲ್ಲವೆಂದೂ ಸೂಚಿಸುತ್ತವೆ. ಆ ಕಾಯಗಳು ಡಿಕ್ಕಿಗಳಲ್ಲಿ ಒಡೆದು ಮತ್ತೆ ಒಟ್ಟುಗೂಡಿದ ಪ್ರಸಂಗಗಳೂ ಇರುವುದರಿಂದ ಪ್ರತಿಯೊಂದು ಕಲ್ಲಿನ ಆಳವನ್ನು ಇಷ್ಟೇ ಎಂದು ಹೇಳುವ ಸಾಹಸವನ್ನು ಯಾರೂ ಮಾಡುವುದಿಲ್ಲ.

ತಾಯಿಕಾಯಗಳ ಗುರುತು

ಈ ತೀರ್ಮಾನಗಳೆಲ್ಲ ಬಹುಕಾಲ ಭೂಮಿಗೆ ಬಂದ ಕಲ್ಲುಗಳನ್ನೇ ಆಧರಿಸಿದ್ದವು. ಜಪಾನಿನ ಹಯಬುಸಾ ನೌಕೆ 2005ರಲ್ಲಿ ಅರ್ಧ ಕಿಲೊಮೀಟರಿನಷ್ಟು ಉದ್ದದ ಇಟೊಕಾವಾ ಎಂಬ ಕ್ಷುದ್ರಗ್ರಹವನ್ನು ತಲುಪಿ, 2010ರ ಜೂನ್‌ನಲ್ಲಿ ಅದರ ಧೂಳಿನ ಕಣಗಳನ್ನು ಭೂಮಿಗೆ ತಂದಾಗ ಸ್ಥಿತಿ ಬದಲಾಯಿತು. ಕೂದಲೆಳೆಯ ದಪ್ಪದ ಆ ಕಣಗಳಲ್ಲಿನ ಒಲಿವಿನ್, ಪೈರಾಕ್ಸೀನ್‌ಗಳಲ್ಲಿ ಕಬ್ಬಿಣದ ಪ್ರಮಾಣ ಎಲ್‌ಎಲ್ ವರ್ಗಕ್ಕೆ ಸರಿಯಾಗಿ ಹೊಂದಿತು, ಬೆಂದ ಮಟ್ಟ 4ರಿಂದ 6ರವರೆಗೆ ಇತ್ತು. ಶೂಲಗಿರಿಯ ಕಲ್ಲು ಇಟೊಕಾವಾದಿಂದಲೇ ಬಂದಿತೆಂದು ಇದರ ಅರ್ಥವಲ್ಲ. ಅದೇ ಬಗೆಯ ಸರಕು ಅಲ್ಲಿದೆ ಎಂದರ್ಥ. ಇಟೊಕಾವಾದಷ್ಟು ಪುಟ್ಟ ಕಾಯ ಒಳಗಿನ ಶಾಖವನ್ನು ಹಿಡಿದಿಟ್ಟುಕೊಳ್ಳಲಾರದು, ಆದ್ದರಿಂದ ಅದು ಹತ್ತಾರು ಕಿಲೊಮೀಟರ್ ಅಗಲದ ದೊಡ್ಡ ಕಾಯವೊಂದು ಒಡೆದಾಗ ಚೆಲ್ಲಿದ ಕಲ್ಲುಗಳ ರಾಶಿ ಎಂದು ತಿಳಿಯಲಾಗಿದೆ.

ಮದ್ದೂರಿನ ಎಲ್ ವರ್ಗಕ್ಕೂ ಇಂಥದ್ದೇ ಒಂದು ಇತಿಹಾಸವಿದೆ. ಸುಮಾರು 47 ಕೋಟಿ ವರ್ಷಗಳ ಹಿಂದೆ ಎಲ್ ಕಾಂಡ್ರೈಟುಗಳ ತಾಯಿಕಾಯ ಭಾರಿ ಡಿಕ್ಕಿಯೊಂದಕ್ಕೆ ಸಿಕ್ಕಿ ನುಚ್ಚುನೂರಾಯಿತೆಂಬುದಕ್ಕೆ ಆ ವರ್ಗದ ಅನೇಕ ಕಲ್ಲುಗಳೊಳಗಿನ ಅನಿಲದ ಲೆಕ್ಕ ಸಾಕ್ಷಿ ಹೇಳುತ್ತದೆ. ಸ್ವೀಡನ್ನಿನ ಸುಣ್ಣಕಲ್ಲಿನ ಗಣಿಗಳಲ್ಲಿ ಆ ಕಾಲದ ಸಮುದ್ರತಳದ ಪದರಗಳ ನಡುವೆ ಹೂತುಹೋದ ಉಲ್ಕಾಶಿಲೆಗಳು ನೂರಕ್ಕೂ ಹೆಚ್ಚು ಸಿಕ್ಕಿವೆ. ಅಂದು ಭೂಮಿಯ ಮೇಲೆ ಉಲ್ಕೆಗಳ ಸುರಿಮಳೆಯೇ ಆಗಿತ್ತು.

ಮಳೆ, ತುಕ್ಕು, ಅಯಸ್ಕಾಂತ

ಖಾನಾಪುರದ ಕಾಡಿನಲ್ಲಿ ನೂರು ವರ್ಷಗಳ ಹಿಂದೆ ಯಾರೂ ನೋಡದಾಗ ಬಿದ್ದ ಕಲ್ಲೊಂದು ಇಂದು ಸಿಕ್ಕೀತೇ ಎಂಬ ಪ್ರಶ್ನೆಗೆ ಆಶಾದಾಯಕ ಉತ್ತರ ಕೊಡುವುದು ಕಷ್ಟ. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಯ ಮಳೆಗೆ ನಿಕ್ಕಲ್ ಬೆರೆತ ಕಬ್ಬಿಣವೂ ಬಹುಕಾಲ ತಾಳಲಾರದು. ಮೊದಲು ಲೋಹದ ಸುತ್ತ ತುಕ್ಕಿನ ಕಂದು ಕಲೆ ಹರಡುತ್ತದೆ, ಆಮೇಲೆ ಲೋಹ ಮತ್ತು ಟ್ರೊಯಿಲೈಟ್ ಪೂರ್ತಿ ತುಕ್ಕಾಗುತ್ತವೆ, ಕೊನೆಗೆ ಒಲಿವಿನ್ ಕೂಡ ಕೊಳೆಯತೊಡಗುತ್ತದೆ. ಈ ಕ್ರಮವನ್ನೇ ಹಿಡಿದು ಸವಕಳಿಯ ಮಟ್ಟಕ್ಕೂ ಸೊನ್ನೆಯಿಂದ ಆರರವರೆಗಿನ ಪ್ರತ್ಯೇಕ ಮಾನವೊಂದನ್ನು ಮಾಡಿದ್ದಾರೆ. ಜಂಬಿಟ್ಟಿಗೆಯ ನೆಲದಲ್ಲಿ ತುಕ್ಕಾದ ಉಲ್ಕೆ ತುಕ್ಕಿನದೇ ಇನ್ನೊಂದು ಕಲ್ಲಾಗಿ ಕರಗಿಹೋಗುತ್ತದೆ. ಬೀಳುವುದನ್ನು ಕಾಣದ ಕಲ್ಲುಗಳನ್ನು ವಿಜ್ಞಾನಿಗಳು ಅಂಟಾರ್ಕ್ಟಿಕದ ಹಿಮದಲ್ಲಿಯೂ ಮರುಭೂಮಿಗಳಲ್ಲಿಯೂ ಹುಡುಕುವುದು ಇದೇ ಕಾರಣಕ್ಕೆ. ಲೋಹ ಹೋದ ಮೇಲೂ ಒಲಿವಿನ್ ಉಳಿದಿರುವವರೆಗೆ ಅಕ್ಷರವನ್ನು ಓದಬಹುದು, ಏಕೆಂದರೆ ಹರಳಿನೊಳಗೆ ಸೇರಿಹೋದ ಕಬ್ಬಿಣದ ಪ್ರಮಾಣವನ್ನು ಹೊರಗಿನ ತುಕ್ಕು ಬದಲಿಸುವುದಿಲ್ಲ.

ಹೀಗಾಗಿ ಬಿದ್ದದ್ದು ಕಂಡ ಕಲ್ಲನ್ನು ಬೇಗ ಎತ್ತಿ ಒಣದಾಗಿಡುವುದಕ್ಕೆ ಬೆಲೆಯಿದೆ. ಅದನ್ನು ತೊಳೆಯಬಾರದು, ಉಜ್ಜಬಾರದು, ಸುತ್ತಿಗೆಯಿಂದ ಒಡೆದು ಹಂಚಿಕೊಳ್ಳಬಾರದು. ಬಿದ್ದ ಜಾಗವನ್ನೂ ಹೊತ್ತನ್ನೂ ಗುರುತು ಹಾಕಿಕೊಂಡು, ಕೋಲ್ಕತ್ತದಲ್ಲಿ ದೇಶದ ಉಲ್ಕಾಶಿಲೆಗಳ ಸಂಗ್ರಹವನ್ನು ಕಾಪಾಡಿಕೊಂಡು ಬಂದಿರುವ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ ಸ್ಥಳೀಯ ಆಡಳಿತದ ಮೂಲಕ ತಿಳಿಸಬೇಕು. ಕಲ್ಲು ನಿಜವೇ ಎಂದು ನೋಡಲು ಬಲವಾದ ಅಯಸ್ಕಾಂತವನ್ನು ಅದಕ್ಕೆ ತಾಗಿಸುವ ಅಭ್ಯಾಸವನ್ನಂತೂ ಬಿಡಲೇಬೇಕು. ಲೋಹದ ಕಣಗಳು ಸೌರಮಂಡಲದ ಆರಂಭಕಾಲದ ಕಾಂತಕ್ಷೇತ್ರದ ದುರ್ಬಲ ಮುದ್ರೆಯನ್ನು ಹೊತ್ತಿರಬಹುದು. ಕೈಯಲ್ಲಿನ ಅಯಸ್ಕಾಂತ ಒಮ್ಮೆ ಹತ್ತಿರ ಸುಳಿದರೆ ಸಾಕು, ಆ ಮುದ್ರೆ ಅಳಿಸಿಹೋಗುತ್ತದೆ. ದಾರಕ್ಕೆ ಕಟ್ಟಿ ತೂಗುಬಿಟ್ಟ ದಿಕ್ಸೂಚಿಯ ಸೂಜಿಯನ್ನು ತುಸು ದೂರದಲ್ಲಿ ಹಿಡಿದು, ಅದು ಕಲ್ಲಿನ ಕಡೆ ಹೊರಳುತ್ತದೆಯೇ ಎಂದು ನೋಡಿದರೆ ಅಷ್ಟೇ ಮಾಹಿತಿ ಹಾನಿಯಿಲ್ಲದೆ ಸಿಗುತ್ತದೆ.